ಕೊನೆಯ ತುಂಡಿನ ಮರ್ಯಾದೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಯೊಳಗೇ ನಾಂತೆಗೆ ಮೂರು ಸಲ ಸಿಟ್ಟು ಬಂದು ಹೋಗಿತ್ತು. ಒಮ್ಮೆ ಅವನು ಓಡಿಸುವ ಟ್ರೈಸಿಕಲ್ಲಿನ ಚೈನಿನ ಮೇಲೆ, ಒಮ್ಮೆ ಸೋದರತ್ತೆ ಸಾಲ್ವಿಂಗಳ ಮೇಲೆ, ಇನ್ನೊಮ್ಮೆ ಪಾದ್ರಿಯ ಮೇಲೆ. ಪಾದ್ರಿ ಪಾಪ ಏನೂ ಮಾಡಿರಲಿಲ್ಲ, ಪ್ರವಚನವನ್ನು ಬೇಗ ಮುಗಿಸಿದ್ದ ಅಷ್ಟೇ. ಆದರೆ ಪ್ರವಚನ ಬೇಗ ಮುಗಿದರೆ ಅತ್ತೆಯ ತಿಂಡಿ ಸುತ್ತಾಟ ಬೇಗ ಶುರುವಾಗುತ್ತದೆ. ಅದು ಬೇಗ ಶುರುವಾದರೆ ಊಟದ ಹೊತ್ತಿಗೆ ಎಲ್ಲರ ಹೊಟ್ಟೆಯೂ ಕಟ್ಟಿದ ಚೀಲದಂತಾಗಿರುತ್ತದೆ. ಇವತ್ತೊಂದು ದಿನ ಹಾಗಾಗಬಾರದಿತ್ತು.

ವಾರವಿಡೀ ಮಕ್ಕಳ ಶಾಲೆ ಅಂಗಿ ಹೊಲಿಯುವ ಅತ್ತೆಗೆ ಭಾನುವಾರ ಒಂದೇ ಚಪಲ. ಚರ್ಚಿನಿಂದ ಹೊರಬಿದ್ದವಳೇ ನಾಂತೆಯ ಬಂಡಿ ಹತ್ತಿ, ಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ಇಲೊಯ್ಲೊ ಪೇಟೆಯಲ್ಲಿ ಎಲ್ಲಿ ಏನು ರುಚಿಯಿದೆಯೆಂದು ಹುಡುಕಿ ತಿನ್ನುವುದು. ಇವತ್ತು ಸಿಕ್ಕವರು ನಾಂತೆಯ ತಂಗಿ ಗ್ಲೆಂಡಾ, ಗೆಳೆಯ ಟಿಕೊಯ್, ಮತ್ತು ಟಿಕೊಯ್ ಒಂದು ತಿಂಗಳಿಂದ ಹಿಂದೆ ಬಿದ್ದಿರುವ ಮರಿವಿಕ್. ಮೋಟಾರ್ ಬೈಕಿಗೆ ತೊಟ್ಟಿಲು ಕಟ್ಟಿದಂತಿರುವ ಆ ಬಂಡಿಯಲ್ಲಿ ನಾಲ್ವರೂ ಒಬ್ಬರ ಮೇಲೊಬ್ಬರು ಕೂತಿದ್ದರು.

ಬಂಡಿಯಲ್ಲಿದ್ದ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಓಟನ್ ರಸ್ತೆಯ ಪಕ್ಕ, ಊರೆಲ್ಲ ಮನಾಂಗ್ ಅಂದರೆ ಅಕ್ಕ ಎನ್ನುವ ಚೋಲೆಂಗಳ ಊಟದಂಗಡಿಯಲ್ಲಿ ಹಲಗೆಯ ಮೇಲೆ ದಿನಾ ಸಾಲಾಗಿ ಏಳು ಪಾತ್ರೆ ಕೂರುತ್ತವೆ. ಬಂದವರು ಮುಚ್ಚಳ ಎತ್ತಿ, ಬಗ್ಗಿ ಮೂಸಿ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾರೆ. ಇವತ್ತು ಅಲ್ಲಿ ಎಂಟು ಪಾತ್ರೆ. ಎಂಟನೆಯದು ನಾಂತೆಯದು. ಕೋಳಿ ಕೂಗುವ ಮುಂಚೆ ಎದ್ದು, ಹಂದಿಕಾಲನ್ನು ಕೆಂಡದಲ್ಲಿ ಸುಟ್ಟು ಕೆರೆದು, ತೊಗರಿಕಾಳು, ಎಳೆ ಹಲಸಿನಕಾಯಿ ಹಾಕಿ, ಬತ್ವಾನ್ ಕಾಯಿಯ ಹುಳಿ ಬಿಟ್ಟು ಕುದಿಸಿದ ಕಪ್ಪು ಸಾರು.

ಚೋಲೆಂಗಳ ಮಂಡಿ ಹೋಗಿತ್ತು. ಒಂದು ಒಲೆಯನ್ನು ಯಾರಿಗಾದರೂ ಬಿಟ್ಟುಕೊಡಬೇಕೆಂದಿದ್ದಳು. ನಾಂತೆ ಹೋಗಿ ಕೇಳಿದಾಗ ಮೇಲಿಂದ ಕೆಳಗೆ ನೋಡಿದ್ದಳು.

"ನೋಡು ತಮ್ಮಾ, ನಿನ್ನ ಬಾಯಿ ಜೋರು ಅನ್ನೋದು ಊರಿಗೇ ಗೊತ್ತು. ಕೈ ಹೆಂಗೋ ಯಾರಿಗೂ ಗೊತ್ತಿಲ್ಲ. ಭಾನುವಾರ ಒಂದು ಪಾತ್ರೆ ಮಾಡಿಡು. ಮಧ್ಯಾಹ್ನ ಒಂದು ಗಂಟೆಗೆ ತಳ ಕಾಣ್ಬೇಕು. ಒಂದೇ ಒಂದು ತುಂಡು ಉಳಿದ್ರೂ ಒಲೆ ಆ ಮೀನು ಮಾರೋಳಿಗೆ. ಅವಳೂ ಕೇಳ್ತಿದಾಳೆ."

"ಅಷ್ಟೇ ತಾನೆ?"

"ನೀನೇ ತಿಂದು ಖಾಲಿ ಮಾಡಂಗಿಲ್ಲ. ನಂದು ಅಂತ ಹೇಳ್ಕೊಂಡು ನೆಂಟರಿಗೆ ತಿನ್ನಿಸಂಗೂ ಇಲ್ಲ. ಪ್ರೀತಿಗೆ ಅಂತ ಹೊರಟ್ರೆ ಜನ ಮಣ್ಣೂ ತಿಂತಾರೆ."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ನಾಂತೆ ಕೇಳಿದ್ದೆಲ್ಲ ತನ್ನಿಂದ ಏನೇನು ಆಗುವುದಿಲ್ಲ ಎಂಬ ಪಟ್ಟಿಯೇ. ಹಡಗಿನ ಕೆಲಸ ಆಗುವುದಿಲ್ಲ, ಆಫೀಸಿನ ಜವಾನಿಕೆಯೂ ಆಗುವುದಿಲ್ಲ, ಫಾರಂ ತುಂಬಲು ಬರುವುದಿಲ್ಲ. ಸಾರು ಕುದಿಸುವುದಕ್ಕೆ ಯಾವ ನನ್ಮಕ್ಕಳು ಫಾರಂ ತುಂಬಿಸಿಕೊಳ್ಳುತ್ತಾರೆ? ಈ ಒಲೆಯೊಂದು ಸಿಕ್ಕರೆ ಸಾಕು, ಪಟ್ಟಿ ಓದುವವರನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು ಎಂದು ಅವನ ಲೆಕ್ಕ.

ಆದರೆ ಬಂಡಿ ಮೊದಲು ನಿಂತದ್ದು ಲಾಪಾಸ್ ಮಾರುಕಟ್ಟೆಯಲ್ಲಿ. ಅತ್ತೆಗೆ ಬಾಚೊಯ್ ಬೇಕಂತೆ.

"ತಿಯಾ, ಈ ಬಿಸಿಲಲ್ಲಿ ಬಿಸಿ ಶಾವಿಗೆ ಸಾರಾ? ಹೊಟ್ಟೆ ಕೆಡುತ್ತೆ," ಎಂದ ನಾಂತೆ ಅತ್ತೆಗೆ.

"ನನ್ನ ಹೊಟ್ಟೆಗೆ ಐವತ್ತೆಂಟು ವರ್ಷ. ಕೆಡೋದಾಗಿದ್ರೆ ನೀನು ಹುಟ್ಟಿದಾಗ್ಲೇ ಕೆಡ್ತಿತ್ತು."

ಬಟ್ಟಲುಗಳು ಬಂದವು. ಶಾವಿಗೆಯ ಮೇಲೆ ಹಂದಿ ಲಿವರಿನ ಚೂರು, ಹುರಿದ ಬೆಳ್ಳುಳ್ಳಿ, ಪುಡಿ ಮಾಡಿದ ಹಂದಿಚರ್ಮದ ಗರಿಗರಿ. ಅತ್ತೆ ಸದ್ದು ಮಾಡಿ ಹೀರಿದಳು. ಗ್ಲೆಂಡಾ ಕೇಳಿ ಮತ್ತೆ ಸಾರು ಹಾಕಿಸಿಕೊಂಡಳು. ಬೇರೆ ದಿನವಾದರೆ ಬಟ್ಟಲನ್ನೇ ಕಚ್ಚುತ್ತಿದ್ದ ಟಿಕೊಯ್, ಮರಿವಿಕ್ ಪಕ್ಕದಲ್ಲಿದ್ದಾಳೆಂದು ಒಂದೊಂದೇ ಎಳೆಯನ್ನು ಗುಬ್ಬಚ್ಚಿಯ ಹಾಗೆ ಎತ್ತುತ್ತಿದ್ದ.

"ಏನ್ ಟಿಕೊಯ್, ಹಲ್ಲು ನೋವಾ?" ಎಂದಳು ಗ್ಲೆಂಡಾ.

"ನಾನು ಯಾವಾಗ್ಲೂ ಇಷ್ಟೇ ತಿನ್ನೋದು."

"ಹೌದೌದು. ಹೋದ ವಾರ ನಮ್ಮನೇಲಿ ಅನ್ನದ ಪಾತ್ರೆ ಕೆರೆದದ್ದು ನಿನ್ನ ತಮ್ಮ ಇರ್ಬೇಕು."

ಅಲ್ಲಿಂದ ಮೋಲೊ ಬಡಾವಣೆ. ಅಲ್ಲಿ ಶಾವಿಗೆ ಎಂದೇ ಕರೆದರೂ ಒಳಗೆ ಬರೀ ಮಾಂಸದ ಕಡುಬು ತೇಲುವ ಸೂಪು. ಅಲ್ಲಿಂದ ಪ್ಲಾಜಾದ ಮುದುಕಿಯ ಹತ್ತಿರ ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ, ಅದಕ್ಕೆ ಹೋಳು ಮಾವು. ಒಂದೊಂದು ಕಡೆಯೂ ನಾಂತೆಗೆ ತನ್ನ ಪಾತ್ರೆಯಿಂದ ಒಂದೊಂದು ಸೌಟು ಕಿತ್ತುಕೊಂಡು ಹೋದಂತೆ ಆಗುತ್ತಿತ್ತು. ಹಾರ್ನ್ ಒತ್ತಿದ. ಗಡಿಯಾರ ತೋರಿಸಿದ. ಕೊನೆಗೆ ಮುದುಕಿಯ ಅಂಟಕ್ಕಿಯನ್ನೇ ಬೈದ. ಮುದುಕಿ ತಿರುಗಿ ಅವನ ಮೂರು ತಲೆಮಾರನ್ನು ಬೈದಳು. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ಇನ್ನೂ ಎರಡು ಕೊಂಡಳು.

ಓಟನ್ ಮುಟ್ಟಿದಾಗ ಹನ್ನೆರಡೂವರೆ. ನಾಂತೆ ಬಂಡಿಯಿಂದ ಹಾರಿ ಹಲಗೆಯ ಹತ್ತಿರ ಹೋಗಿ ಎಂಟನೇ ಮುಚ್ಚಳವನ್ನು ತುಸುವೇ ಎತ್ತಿದ. ಮುಕ್ಕಾಲು ಪಾತ್ರೆ ಖಾಲಿ! ಲಾರಿಯವರೂ ಕಬ್ಬಿನ ಗದ್ದೆಯವರೂ ಬಡಿಸಿಕೊಂಡು ಹೋಗಿದ್ದರು. ಚೋಲೆಂಗ್ ಅವನ ಕಡೆ ನೋಡದೆ, ಗೋಡೆಯ ಗಡಿಯಾರದ ಕಡೆ ಗದ್ದ ಎತ್ತಿದಳು.

"ನಂಗೇನೂ ಬೇಡ, ಕೂತ್ಕೋತೀನಿ," ಎಂದಳು ಮರಿವಿಕ್.

"ನಂಗೂ ಬೇಡ," ಎಂದ ಟಿಕೊಯ್, ತಕ್ಷಣ.

ಅತ್ತೆ ಮಾತ್ರ ಸೊಂಟಕ್ಕೆ ಕೈಕೊಟ್ಟು ಮುಚ್ಚಳಗಳ ತಪಾಸಣೆಗೆ ಇಳಿದಳು. ಮೊದಲನೆಯದು ಹುರಿದ ಮೀನು, ಬೇಡ. ಎರಡನೆಯದು ಬದನೆಕಾಯಿ, ಬೇಡ. ಐದು, ಆರು, ಏಳು. ನಾಂತೆ ಬೆರಳಲ್ಲಿ ಎಣಿಸುತ್ತ ನಿಂತಿದ್ದ. ಎಂಟನೆಯದನ್ನು ಎತ್ತಿದವಳು ಬಗ್ಗಿದಳು, ಮೂಸಿದಳು, ಮತ್ತೊಮ್ಮೆ ಮೂಸಿದಳು.

"ಚೋಲೆಂಗ್, ಇದು ನಿನ್ನ ಕೈಯಲ್ಲ."

"ಅಂಗಡಿ ನಂದು. ಬೇಕಾದ್ರೆ ತಿನ್ನು, ಬೇಡಾದ್ರೆ ಮುಚ್ಚು."

"ಪಾತ್ರೆ ಸಮೇತ ತಗೊಂಡ್ ಬಾ."

ಪಾತ್ರೆ ಮೇಜಿನ ನಡುವೆ ಕೂತಿತು. ಅನ್ನ ಬಂತು. ಹೊಟ್ಟೆ ತುಂಬಿದೆ ಎಂದಿದ್ದ ನಾಲ್ವರೂ ಒಂದು ಚಮಚ ನೋಡೋಣ ಎಂದು ಶುರುಮಾಡಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಗ್ಲೆಂಡಾ ಮಾತಾಡಲಿಲ್ಲವೆಂದರೆ ಅದು ಊರಿಗೆ ಸುದ್ದಿ. ಮರಿವಿಕ್ ಮೂಳೆ ಕೈಗೆತ್ತಿಕೊಂಡು ಚೀಪಿದಳು. ಅದನ್ನು ನೋಡಿ ಟಿಕೊಯ್‌ಗೆ ಧೈರ್ಯ ಬಂದು ಮೂರನೇ ಸಲ ಅನ್ನ ಹಾಕಿಸಿಕೊಂಡ. ನಾಂತೆ ಹೊಟ್ಟೆನೋವೆಂದು ಸುಳ್ಳು ಹೇಳಿ, ಖಾಲಿ ತಟ್ಟೆಯ ಮುಂದೆ ಕೂತು, ಒಬ್ಬೊಬ್ಬರ ಗಂಟಲು ಇಳಿಯುವುದನ್ನೇ ನೋಡುತ್ತಿದ್ದ.

ಒಂದಕ್ಕೆ ಹನ್ನೆರಡು ನಿಮಿಷ ಇದ್ದಾಗ ಪಾತ್ರೆಯಲ್ಲಿ ಒಂದಿಷ್ಟು ಸಾರು, ಒಂದೇ ಒಂದು ತುಂಡು ಉಳಿಯಿತು. ಚರ್ಮ, ಕೊಬ್ಬು, ಮಾಂಸ ಮೂರೂ ಇದ್ದ, ಹೊಳೆಯುವ, ಎಲ್ಲಕ್ಕಿಂತ ಒಳ್ಳೆಯ ತುಂಡು.

ಎಲ್ಲರ ಚಮಚವೂ ಒಟ್ಟಿಗೆ ಕೆಳಗಿಳಿಯಿತು.

ನಾಂತೆ ಎಲ್ಲ ಯೋಚಿಸಿದ್ದ, ಇದೊಂದನ್ನು ಯೋಚಿಸಿರಲಿಲ್ಲ. ಕೊನೆಯ ತುಂಡು! ಈ ಊರಲ್ಲಿ ಜನ ಸಾಲ ಕೇಳುತ್ತಾರೆ, ಜಗಳ ಆಡುತ್ತಾರೆ, ಇನ್ನೊಬ್ಬರ ಕೋಳಿ ಹಿಡಿಯುತ್ತಾರೆ. ಆದರೆ ತಟ್ಟೆಯ ಕೊನೆಯ ತುಂಡಿಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಹಾಕಿದವನು ಹೊಟ್ಟೆಬಾಕ, ನಾಚಿಕೆ ಬಿಟ್ಟವನು, ಮೊಮ್ಮಕ್ಕಳ ಕಾಲದವರೆಗೂ ಮಾತಿಗೆ ಸಿಕ್ಕವನು.

"ಮರಿವಿಕ್, ನೀನು ತಗೋಮ್ಮ," ಎಂದಳು ಅತ್ತೆ.

"ಅಯ್ಯೋ ತಿಯಾ, ನಂಗೆ ಇಲ್ಲೀತನಕ ಬಂದಿದೆ. ನೀವು ತಗೊಳ್ಳಿ."

"ನಂಗೆ ಡಾಕ್ಟ್ರು ಕೊಬ್ಬು ಬೇಡ ಅಂದಿದಾರೆ."

"ಈಗ ಆರು ತುಂಡು ತಿಂದಾಗ ಡಾಕ್ಟ್ರು ಎಲ್ಲಿಗೆ ಹೋಗಿದ್ರು?" ಎಂದಳು ಗ್ಲೆಂಡಾ.

"ಹಾಗಾದ್ರೆ ನೀನೇ ತಿನ್ನು, ಬಾಯಿಬಡಕಿ."

"ಟಿಕೊಯ್ ತಿನ್ಲಿ. ಗಂಡಸು."

ಟಿಕೊಯ್ ಮರಿವಿಕ್‌ಳ ಮುಖ ನೋಡಿದ, ತುಂಡಿನ ಮುಖ ನೋಡಿದ. ಕಷ್ಟಪಟ್ಟು ಒಂದು ಉಪಾಯ ಹುಡುಕಿ, ಚಮಚದಲ್ಲಿ ತುಂಡನ್ನು ಸರಿಯಾಗಿ ಎರಡು ಮಾಡಿ, ಅರ್ಧ ಎತ್ತಿಕೊಂಡು ಅರ್ಧ ಬಿಟ್ಟ. ಕೊನೆಯದನ್ನು ತಿಂದಂತಾಗಲಿಲ್ಲವಲ್ಲ! ಉಳಿದದ್ದರಲ್ಲಿ ಗ್ಲೆಂಡಾ ಅರ್ಧ ಕತ್ತರಿಸಿದಳು. ಅದರಲ್ಲಿ ಮರಿವಿಕ್ ಅರ್ಧ. ಅದರಲ್ಲಿ ಅತ್ತೆ ಅರ್ಧ. ಕೊನೆಗೆ ಪಾತ್ರೆಯ ಸಾರಿನಲ್ಲಿ ಉಗುರಿನಷ್ಟು ಚೂರೊಂದು ತೇಲುತ್ತಿತ್ತು. ಅದರ ಮರ್ಯಾದೆ ಮಾತ್ರ ಇಡೀ ಹಂದಿಯಷ್ಟೇ ಇತ್ತು. ನಾಲ್ವರೂ ಕೈಕಟ್ಟಿ ರಸ್ತೆಯ ಕಡೆ ನೋಡತೊಡಗಿದರು.

ಒಂದಕ್ಕೆ ಇನ್ನು ಐದು ನಿಮಿಷ. ಚೋಲೆಂಗ್ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದು ಪಾತ್ರೆಯೊಳಗೆ ಇಣುಕಿದಳು. ನಾಂತೆಯ ಕಿವಿ ಕೆಂಪಾಯಿತು. ನಾಲ್ಕನೇ ಸಿಟ್ಟು, ಬೆಳಗಿನ ಮೂರನ್ನೂ ನುಂಗಿಕೊಂಡು ಬಂತು.

"ತಿನ್ರೋ ಯಾರಾದ್ರೂ!" ಮೇಜು ಗುದ್ದಿದ. "ಉಗುರಷ್ಟು ಐತೆ ಅದು! ಬೆಳಗಿಂದ ಊರನ್ನೇ ನುಂಗಿದೀರ, ಇದಕ್ಕೆ ನಾಚಿಕೆನಾ? ನಾನು ಕಣ್ಣಿಗೆ ಹೊಗೆ ತುಂಬ್ಕೊಂಡು ಕಾಲು ಸುಟ್ಟು, ಕೂದ್ಲು ಕೆರೆದು, ನಾಲ್ಕು ಗಂಟೆ ಕುದಿಸಿದ್ದು ನಿಮ್ಮ ಮರ್ಯಾದೆ ನೋಡಕ್ಕಾ?"

ಗ್ಲೆಂಡಾ ಬಾಯಿ ತೆರೆದಳು. "ಅಣ್ಣಾ, ಇದು ನೀನು ಮಾಡಿದ್ದಾ?"

"ಹೇಳ್ಬಿಟ್ಯಲ್ಲೋ ದಡ್ಡ," ಎಂದಳು ಚೋಲೆಂಗ್. "ಇಲ್ಲೀವರೆಗೆ ತಿಂದಿದ್ದು ಲೆಕ್ಕಕ್ಕೆ ಬಂತು. ಇನ್ನು ಇವರು ಯಾರು ತಿಂದ್ರೂ ಪ್ರೀತಿಗೆ ತಿಂದಂಗೆ. ಅದು ನಡೆಯಲ್ಲ. ಒಂದು ಗಂಟೆಗೆ ಇದು ಉಳಿದ್ರೆ ಒಲೆ ಮೀನು ಮಾರೋಳಿಗೆ."

ಅವಳೇ ಎಲ್ಲರಿಗೂ ಕರಾರನ್ನು ಹೇಳಿದಳು. ಕೇಳಿದ್ದೇ ತಡ, ಟಿಕೊಯ್ ಚೂರಿಗೆ ಕೈ ಹಾಕಿದ, ಅತ್ತೆ ಅವನ ಕೈಗೆ ಬಾರಿಸಿದಳು. "ಈಗ ಬಂತಾ ಧೈರ್ಯ? ಹೊರಗಿನೋರು ಬೇಕು ಈಗ. ಕರೀರಿ!"

ಬಾಗಿಲ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನನ್ನು ಗ್ಲೆಂಡಾ ಕೂಗಿದಳು. "ಯಜಮಾನ್ರೇ, ಬನ್ನಿ, ಊಟ ಮಾಡೋಣ!"

"ಈಗ ತಾನೇ ಆಯ್ತು, ನೀವು ಮಾಡಿ," ಎಂದು ಅವನು ನಕ್ಕು ಹೋದ.

ಐಸ್ ಮಾರುವವನನ್ನು ಕರೆದರು. ನಮ್ದಾಯ್ತು, ನೀವು ಮಾಡಿ. ಕೊಡೆ ಹಿಡಿದ ಟೀಚರಮ್ಮನನ್ನು ಕರೆದರು. ಅಯ್ಯೋ ಆಯ್ತಪ್ಪ, ಮಾಡಿ ಮಾಡಿ. ಕಾಣುವವರನ್ನೆಲ್ಲ ಊಟಕ್ಕೆ ಕರೆಯುವುದು ಈ ಊರಿನ ಪದ್ಧತಿ. ಕರೆದರೆ ಬಾರದಿರುವುದು ಇನ್ನೂ ದೊಡ್ಡ ಪದ್ಧತಿ. ಹಸಿದು ಸಾಯುತ್ತಿರುವವನೂ ಆಯ್ತು ಎಂದೇ ಹೇಳಿ ಸಾಯುತ್ತಾನೆ. ನಾಂತೆ ತಲೆಯನ್ನು ಕೈಯಲ್ಲಿ ಹಿಡಿದು ಕೂತ. ಇಂಥ ಒಳ್ಳೆಯ ನಡತೆಯ ಜನರ ನಡುವೆ ಒಬ್ಬ ಬಡವ ಬದುಕುವುದಾದರೂ ಹೇಗೆ?

ಇನ್ನು ಎರಡು ನಿಮಿಷ.

ಆಗ ಹೊರಗೆ ಮರದ ಕೆಳಗಿನ ಬೆಂಚಿನಿಂದ ಕಬ್ಬಿನ ಲಾರಿಯ ಡ್ರೈವರೊಬ್ಬ ತಟ್ಟೆ ಹಿಡಿದು ಒಳಗೆ ಬಂದ. ಇಷ್ಟು ಹೊತ್ತೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಹುರಿದ ಮೀನು ತಿನ್ನುತ್ತಿದ್ದ. ತಟ್ಟೆಯಲ್ಲಿ ಬರೀ ಅನ್ನ ಉಳಿದಿತ್ತು.

"ಮನಾಂಗ್, ಒಂಚೂರು ಸಾರು ಹಾಕ್ತೀರಾ?"

ಊಟದಂಗಡಿಯಲ್ಲಿ ಸಾರು ಕೇಳುವುದಕ್ಕೆ ಮಾತ್ರ ಯಾರಿಗೂ ನಾಚಿಕೆಯಿಲ್ಲ. ಅದು ನೀರು ಕೇಳಿದ ಹಾಗೆ. ಚೋಲೆಂಗ್ ಒಲೆಯ ಕಡೆ ತಿರುಗುವುದರೊಳಗೆ ಅತ್ತೆ ಸಾಲ್ವಿಂಗ್, ಆ ಮೈಯನ್ನು ಅಷ್ಟು ಬೇಗ ಎತ್ತಿದ್ದನ್ನು ನಾಂತೆ ಹುಟ್ಟಿದ ಮೇಲೆ ನೋಡಿರಲಿಲ್ಲ, ಪಾತ್ರೆಯ ಎರಡೂ ಕಿವಿ ಹಿಡಿದು ನಿಂತಿದ್ದಳು.

"ಸಾರಾ? ಇಲ್ಲಿದೆ ಬಾ ಮಗಾ. ಹಿಡಿ ತಟ್ಟೆ."

ಸುರಿದಳು. ಸಾರು, ನಾಲ್ಕು ತೊಗರಿಕಾಳು, ಮರ್ಯಾದೆಯ ಆ ಚೂರು, ಎಲ್ಲವೂ ಅವನ ಅನ್ನದ ಮೇಲೆ ಬಿತ್ತು. ಪಾತ್ರೆಯನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿದಳು.

"ಸಾಲ್ವಿಂಗ್, ಇದು ಮೋಸ," ಎಂದಳು ಚೋಲೆಂಗ್.

"ಯಾವ್ದು ಮೋಸ? ಇವನು ನಮ್ಮ ನೆಂಟನಾ? ಅಲ್ಲ. ಯಾರ ಕೈ ಅಡುಗೆ ಅಂತ ಗೊತ್ತಾ? ಇಲ್ಲ. ಬಾಯಿಬಿಟ್ಟು ಕೇಳಿದ್ನಾ? ಕೇಳ್ದ. ಇನ್ನೇನ್ ಬೇಕು ನಿಂಗೆ?"

"ಅವನು ತಿನ್ಲಿ, ಆಮೇಲೆ ಮಾತಾಡು."

ಡ್ರೈವರ್ ನಿಂತಲ್ಲೇ ಕಲಸಿದ. ಚಮಚ ಎತ್ತಿದ. ಚಮಚದ ತುದಿಯಲ್ಲಿ ಆ ಚೂರಿತ್ತು. ಆಗ ಅವನಿಗೆ ಆರು ಜನ ತನ್ನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿರುವುದು ಕಾಣಿಸಿತು. ಒಳ್ಳೆಯ ಮನೆಯ ಹುಡುಗ. ಚಮಚವನ್ನು ಮುಂದೆ ಚಾಚಿ ನಗುತ್ತ ಕೇಳಿದ:

"ಬನ್ನಿ, ಊಟ ಮಾಡೋಣ?"

"ನಮ್ದಾಯ್ತು, ನೀವು ಮಾಡಿ!" ಎಂದು ಆರೂ ಜನ ಒಂದೇ ಉಸಿರಿಗೆ ಕಿರುಚಿದರು.

ಅವನು ಬೆಚ್ಚಿ, ಚಮಚವನ್ನು ಬಾಯಿಗಿಟ್ಟ. ಅಗಿದ. ನುಂಗಿದ. ಇನ್ನೊಂದು ಚಮಚ, ಮತ್ತೊಂದು. ತಟ್ಟೆ ಕೆರೆದು ನೆಕ್ಕುವಂತಾದಾಗ ಗಡಿಯಾರದ ಮುಳ್ಳು ಒಂದಕ್ಕೆ ಸರಿದಿತ್ತು.

"ಇದು ಇನ್ನೂ ಇದೆಯಾ?" ಎಂದ.

ಚೋಲೆಂಗ್ ಪಾತ್ರೆ ಎತ್ತಿ ಬೆಳಕಿಗೆ ಹಿಡಿದು ತಳ ನೋಡಿದಳು. ಅತ್ತೆಯನ್ನು ನೋಡಿದಳು. ತುಟಿ ಬಿಗಿಹಿಡಿದರೂ ನಗು ಒಂದು ಕಡೆಯಿಂದ ಸೋರಿತು.

"ನಾಳೆ ಬಾ. ಹನ್ನೊಂದರ ಮೇಲೆ ಇರುತ್ತೆ." ಪಾತ್ರೆಯನ್ನು ನಾಂತೆಯ ಎದೆಗೆ ತಳ್ಳಿದಳು. "ನಿಂತಿದೀಯಲ್ಲ ಕಂಬದ ಹಾಗೆ? ಒಲೆ ಬೇಕಂದ್ರೆ ತೊಳಿಯೋದೂ ಸೇರಿದೆ. ಆ ಏಳನ್ನೂ ತೊಳಿ."

ನಾಂತೆಗೆ ಏನಾದರೂ ಜೋರಾಗಿ ಹೇಳಬೇಕೆನಿಸಿತು. ಬೈಗುಳಗಳಲ್ಲಿ ಹುಡುಕಿದ, ಒಂದೂ ಸರಿಹೊಂದಲಿಲ್ಲ. ಪಾತ್ರೆ ಅಪ್ಪಿಕೊಂಡು ಹಿತ್ತಲಿನ ನಲ್ಲಿಯ ಕಡೆ ನಡೆದ.

"ಏಯ್, ನಮ್ಮನ್ನ ಮನೆಗೆ ಯಾರು ಬಿಡ್ತಾರೋ?" ಅತ್ತೆ ಹಿಂದಿನಿಂದ ಕೂಗಿದಳು. "ಮಿನಗಾವ್ ಹತ್ರ ಯಾರೋ ಸಿಗಡಿ ಹುರೀತಾರಂತೆ, ಅಲ್ಲಿಗೂ ಹೋಗ್ಬೇಕು!"

"ಎಂಟು ಪಾತ್ರೆ ಇದಾವೆ," ಎಂದ ನಾಂತೆ, ಮೊಣಕೈವರೆಗೆ ಸೋಪಿನ ನೊರೆಯಲ್ಲಿ. "ಕಾಯಿರಿ. ಇಲ್ಲಾಂದ್ರೆ ಬಂದು ತೊಳೀರಿ."

ಟಿಕೊಯ್ ಅಂಗಿಯ ತೋಳು ಮಡಚಿಕೊಂಡು ಬಂದ. ಅವನ ಹಿಂದೆ ಮರಿವಿಕ್ ಕೂಡ ಬಂದಳು.