ಹುಲ್ಲಿನ ಮೇಲೆ ನಡೆಯಬಾರದು

ಸೋಮವಾರ ನಗರಸಭೆಯ ಮೆಟ್ಟಿಲು ಇಳಿಯುವಾಗಲೇ ಗಣತಿಯಕ್ಕನ ಪಿತ್ತ ನೆತ್ತಿಗೇರಿತ್ತು.

ಗಣತಿಯಕ್ಕ ಎನ್ನುವುದು ನಾದಿನಿ ಇಟ್ಟ ಅಡ್ಡಹೆಸರು. ಸರಕಾರ ಬದುಕಿದ್ದವರನ್ನು ಎಣಿಸಿದರೆ ನಮ್ಮ ಅತ್ತಿಗೆ ಸತ್ತವರನ್ನು ಎಣಿಸುತ್ತಾರೆ ಎಂದು ಅವಳ ತಮಾಷೆ. ಯಾರ ಮುತ್ತಜ್ಜ ಎಲ್ಲಿಂದ ಬಂದ, ಯಾರ ಅಜ್ಜಿಯ ತಂಗಿ ಯಾವ ಮನೆ ಸೇರಿದಳು ಎಂದು ಧೂಳು ಕುಡಿದು ಹುಡುಕಿ ವಂಶವೃಕ್ಷ ಬರೆದುಕೊಡುವುದು ಗಣತಿಯಕ್ಕನ ಕಸುಬು. ಬರುವವರೆಲ್ಲ ಮೇಲಿನ ಕೊಂಬೆಯಲ್ಲೊಬ್ಬ ರಾಜನೋ ದಂಡನಾಯಕನೋ ಕೂತಿರಲಿ ಎಂದು ಆಸೆಪಡುವವರೇ.

ಈ ಸಲ ಬಂದ ಅಜ್ಜಿ ಮಾತ್ರ ಬೇರೆ ಥರ. "ನಂಗೆ ವಂಶ ಗಿಂಶ ಬೇಡಮ್ಮ. ನನ್ನ ತಮ್ಮ ಒಬ್ಬ ಸಿಕ್ಕಿದ್ರೆ ಸಾಕು" ಅಂದಿದ್ದರು. ತಮ್ಮ ಎಳೆಯ ವಯಸ್ಸಿನಲ್ಲೇ ಜ್ವರದಿಂದ ತೀರಿಕೊಂಡಿದ್ದ. ಅಪ್ಪ ಸಮಾಧಿಯ ಕಲ್ಲಿನ ಮೇಲೆ ಅವನ ಹೆಸರು ಬರೆಸಿ, ಕೆಳಗೊಂದು ಬುಗುರಿ ಕೆತ್ತಿಸಿದ್ದರು. ಹುಡುಗ ಮಲಗುವಾಗಲೂ ಬುಗುರಿಯನ್ನು ಕೈಯಿಂದ ಬಿಡುತ್ತಿರಲಿಲ್ಲವಂತೆ. ಆಮೇಲೆ ಸಂಸಾರ ಊರು ಬಿಟ್ಟಿತು. ಅವನದೊಂದು ಫೋಟೋ ಕೂಡ ಇಲ್ಲ. ಈಗ ಅಜ್ಜಿಯ ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ. "ಪೂರ್ತಿ ಕತ್ತಲಾಗೋದ್ರೊಳಗೆ ಅವನ ಹೆಸರು ಒಂದ್ಸಲ ಓದ್ಬೇಕು" ಎಂದು ಅಜ್ಜಿ ಅವಳ ಕೈ ಹಿಡಿದುಕೊಂಡಿದ್ದರು.

ಇದನ್ನೇ ಉದ್ಯಾನ, ಸ್ಮಶಾನ ಎರಡನ್ನೂ ನೋಡಿಕೊಳ್ಳುವ ಅಧಿಕಾರಿಗೆ ಹೇಳಿದರೆ ಆತ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ.

"ಸ್ಮಶಾನದ ಆ ಮೂಲೆ ಅಭಿವೃದ್ಧಿ ಆಯ್ತಲ್ಲ ಮೇಡಂ. ಕಲ್ಲುಗಳೆಲ್ಲ ವಿಲೇವಾರಿ ಆಗಿವೆ."

"ವಿಲೇವಾರಿ ಅಂದ್ರೆ ಎಲ್ಲಿಗೆ?"

"ವಿಲೇವಾರಿ ಅಂದ್ರೆ ವಿಲೇವಾರಿ."

ಮಂಗಳವಾರ ಅವಳು ಕನ್ನಡಿ ಹಿಡಿದು ಸ್ಮಶಾನಕ್ಕೆ ಹೋದಳು. ಸವೆದ ಕಲ್ಲಿನ ಮೇಲೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬಿಟ್ಟರೆ ಅಳಿಸಿಹೋದ ಅಕ್ಷರವೂ ನೆರಳಾಗಿ ಎದ್ದು ಬರುತ್ತದೆ. ಆದರೆ ಮಳೆ ಬಿಸಿಲಿಗೆ ನಿಂತೂ ನಿಂತೂ ಅಲ್ಲಿನ ಕಲ್ಲುಗಳು ನುಣ್ಣಗಾಗಿಬಿಟ್ಟಿದ್ದವು, ಕನ್ನಡಿಗೂ ಜಗ್ಗಲಿಲ್ಲ. ಹುಡುಗನನ್ನು ಹೂತ ಮೂಲೆಯಲ್ಲಂತೂ ಕಲ್ಲೇ ಇಲ್ಲ. ಸಮತಟ್ಟು ನೆಲ, ಅದರ ಮೇಲೆ ಸಾಲಾಗಿ ನಿಂತ ಕಸದ ಗಾಡಿಗಳು. ಇದಾ ಅಭಿವೃದ್ಧಿ! ಅವಳಿಗೆ ಅಳು ಬರಲಿಲ್ಲ, ಯಾರ ಕೆನ್ನೆಗಾದರೂ ಬಾರಿಸಬೇಕು ಅನ್ನಿಸಿತು.

ಆ ಸಿಟ್ಟು ಬುಧವಾರ ಪಾಪದ ಶಿಷ್ಯರ ಮೇಲೆ ಹೋಯಿತು. ಗ್ರಂಥಾಲಯದ ಮಹಡಿಯಲ್ಲಿ ಅವಳ ಪಾಠ, ಕೇಳುವವರೆಲ್ಲ ನಿವೃತ್ತರು. ತಮ್ಮ ಮನೆತನದ ಮೂಲ ಸಮುದ್ರದಾಚೆಯ ದ್ವೀಪವೊಂದರಲ್ಲಿದೆ ಎಂದು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು ಇಂಟರ್ನೆಟ್ಟಿನಿಂದ ಹಿಡಿದು ತಂದಿದ್ದರು.

"ನಿಮ್ಮ ತಾತ ಇದೇ ಊರಲ್ಲಿ ಸೈಕಲ್ ಅಂಗಡಿ ಇಟ್ಟಿದ್ರು ಅಂದ್ರಲ್ಲ ಸಾರ್, ಆ ಅಂಗಡಿ ನೋಡಿದೀರಾ?"

"ಇಲ್ಲ."

"ಮತ್ತೆ ದ್ವೀಪಕ್ಕೆ ಯಾಕೆ ಹಾರ್ತೀರಿ? ಮನೆ ಪಕ್ಕದಿಂದ ಹುಡುಕ್ತಾ ಹೋಗಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಮ್ಯಾನೇಜರ್ ಮುಖ ಚಿಕ್ಕದು ಮಾಡಿಕೊಂಡು ಕೂತರು.

ಗುರುವಾರ ಬೆಳಗ್ಗೆ ಎಂದಿನಂತೆ ನಾದಿನಿಯ ಜೊತೆ ವಾಕಿಂಗು. ಮನೆ ಎದುರಿನ ಪಾರ್ಕು, ಉದ್ದಕ್ಕೂ ಕಲ್ಲು ಹಾಸಿದ ದಾರಿ, ಪಕ್ಕದಲ್ಲಿ ಹಸಿರು ಹುಲ್ಲು, ಹುಲ್ಲಿನೊಳಗೆ 'ಇಲ್ಲಿ ನಡೆಯಬಾರದು' ಎಂಬ ಬೋರ್ಡು. ನೀರಿನ ಪೈಪು ಒಡೆದು ದಾರಿಯೆಲ್ಲ ಕೆಸರಾಗಿತ್ತು. ನಾದಿನಿ ತಪ್ಪಿಸಿಕೊಳ್ಳಲು ಹುಲ್ಲಿಗೆ ಒಂದು ಕಾಲಿಟ್ಟಳೋ ಇಲ್ಲವೋ, ಕಾವಲುಗಾರ ಕೆನ್ನೆ ಉಬ್ಬಿಸಿ ಸೀಟಿ ಊದಿದ.

"ಇವನ ಹುಲ್ಲನ್ನ ನಾನೇನು ಮೇಯ್ತೀನಾ ಅತ್ತಿಗೆ?" ಎಂದು ನಾದಿನಿ ಗೊಣಗಿದಳು.

ಅತ್ತಿಗೆ ಆಗಲೇ ಬೆಂಚಿನ ಮುಂದೆ ಬಗ್ಗಿ ನಿಂತಿದ್ದಳು. ಪೈಪಿನ ಕೆಲಸದವರು ದಾರಿಯ ಚಪ್ಪಡಿಯೊಂದನ್ನು ಎಬ್ಬಿಸಿ ಬೆಂಚಿಗೆ ಒರಗಿಸಿದ್ದರು. ಅದರ ತಳದಲ್ಲಿ ಅಕ್ಷರಗಳಿದ್ದವು. ಯಾರದೋ ಹೆಸರು, ಹುಟ್ಟಿದ ತಾರೀಕು, ಸತ್ತ ತಾರೀಕು, ಮರೆಯಲಾರೆವು ಎಂಬ ಮಾತು.

ಗಣತಿಯಕ್ಕ ಹಿಂದಕ್ಕೆ ತಿರುಗಿ ತಾನು ನಡೆದು ಬಂದ ದಾರಿ ನೋಡಿದಳು. ವರ್ಷಗಟ್ಟಲೆ ಇದೇ ಕಲ್ಲುಗಳ ಮೇಲೆ ಬೊಜ್ಜು ಕರಗಿಸುತ್ತ, ಊರ ಹರಟೆ ಹೊಡೆಯುತ್ತ ಓಡಾಡಿದ್ದಳು. ಮನೆ ಪಕ್ಕದಿಂದ ಹುಡುಕಿ ಎಂದು ಊರಿಗೆಲ್ಲ ಪಾಠ ಹೇಳುವವಳು! ಮೈ ಉರಿದುಹೋಯಿತು, ಆ ಅಧಿಕಾರಿಯ ಮೇಲೆಷ್ಟೋ ತನ್ನ ಮೇಲೂ ಅಷ್ಟೇ.

ಪೈಪು ಪೂರ್ತಿ ಬದಲಾಗಬೇಕಿದ್ದರಿಂದ ಕೆಲಸದವರು ಹೇಗೂ ಕಲ್ಲು ಕೀಳುತ್ತ ಹೋಗುವವರಿದ್ದರು. ಶುಕ್ರವಾರ ಇಡೀ ತರಗತಿ ಬ್ರಷ್ಷು, ಬಕೆಟ್ಟು ಹಿಡಿದು ಪಾರ್ಕಿಗೆ ಬಂತು. ಎದ್ದ ಕಲ್ಲನ್ನೆಲ್ಲ ತೊಳೆದು ಓದಿದರು. ಯಾರದೋ ಅಮ್ಮ, ಯಾರದೋ ಸೋದರಮಾವ, ಅವಳಿ ಮಕ್ಕಳು. ಮ್ಯಾನೇಜರ್ ಪ್ಯಾಂಟು ಮಡಿಸಿಕೊಂಡು ಕೆಸರಿನಲ್ಲಿ ಮಂಡಿಯೂರಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರೇ ಕೂಗಿದರು, "ಮೇಡಂ, ಬುಗುರಿ!"

ನಾದಿನಿ ಆಟೋದಲ್ಲಿ ಹೋಗಿ ಅಜ್ಜಿಯನ್ನು ಕರೆತಂದಳು. ಅಷ್ಟರಲ್ಲಿ ಕಾವಲುಗಾರ ಹೇಳಿಕಳಿಸಿ ಅಧಿಕಾರಿಯೂ ಬಂದಿದ್ದ. ಅಜ್ಜಿ ಕಲ್ಲಿನ ಹತ್ತಿರ ಬಗ್ಗಿ ನೋಡಿದರು, ತಲೆ ಅಲ್ಲಾಡಿಸಿದರು. ಕಣ್ಣಿಗೆ ಕಾಣಲಿಲ್ಲ. ಗಣತಿಯಕ್ಕ ಅವರ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟಳು. ಮಣ್ಣಿಗೆ ಮುಖ ಮಾಡಿ ಮಲಗಿದ್ದ ಅಕ್ಷರ ನಿನ್ನೆ ಕೆತ್ತಿದಷ್ಟು ಚೂಪಾಗಿತ್ತು. ಬೆರಳು ಹೆಸರನ್ನೆಲ್ಲ ದಾಟಿ ಬುಗುರಿಗೆ ಬಂದು, ಅದರ ಮೊಳೆಯವರೆಗೂ ಇಳಿದು, ಅಲ್ಲೇ ನಿಂತಿತು. "ಇವನೇ ಕಣಮ್ಮ" ಅಂದರು ಅಜ್ಜಿ.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ನೋಡಿದ್ರಾ ಮೇಡಂ? ನಾವು ಮಗುಚಿ ಹಾಕಿದ್ದಕ್ಕೇ ಅಕ್ಷರ ಇಷ್ಟು ಚೆನ್ನಾಗಿ ಉಳಿದಿರೋದು. ಒಂಥರಾ ಸಂರಕ್ಷಣೆನೇ ಆಯ್ತಲ್ವಾ?"

ಅವನ ಮಾತು ನಿಜವಾಗಿದ್ದದ್ದೇ ಗಣತಿಯಕ್ಕನ ಹೊಟ್ಟೆಗೆ ಬೆಂಕಿ ಇಟ್ಟಿತು.

"ಹಾಗಾದ್ರೆ ನಿಮ್ಮ ತಂದೆಯವರ ಫೋಟೋನೂ ಮಗುಚಿ ಬಾಗಿಲಲ್ಲಿ ಹಾಸಿ ಸಾರ್. ಎಲ್ಲರೂ ತುಳಿದುಕೊಂಡು ಓಡಾಡಲಿ. ಚೆನ್ನಾಗಿ ಉಳಿಯುತ್ತೆ."

ಆಗ ಅಜ್ಜಿ ನಿಧಾನವಾಗಿ ಎದ್ದು, ಗಣತಿಯಕ್ಕನ ತೋಳು ಹಿಡಿದು ಕೇಳಿದರು.

"ನಾನೀಗ ಯಾತರ ಮೇಲೆ ನಿಂತಿದೀನಮ್ಮ?"

ಯಾರೂ ಉತ್ತರ ಕೊಡಲಿಲ್ಲ. ಅಜ್ಜಿಗೆ ಅರ್ಥವಾಯಿತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, "ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗು" ಅಂದರು.

ಪಕ್ಕದಲ್ಲಿದ್ದದ್ದು ಹುಲ್ಲು. ಇಬ್ಬರೂ ಅದರ ಮೇಲೆ ಕಾಲಿಟ್ಟರು. ಅಭ್ಯಾಸಬಲದಿಂದ ಕಾವಲುಗಾರ ಸೀಟಿ ಊದಿಯೇಬಿಟ್ಟ.

"ಊದಪ್ಪ, ಇನ್ನೂ ಜೋರಾಗಿ ಊದು" ಎಂದು ಗಣತಿಯಕ್ಕ ತಿರುಗಿ ಕೂಗಿದಳು. "ಪಾಪ, ಹುಲ್ಲಿಗೆ ನೋವಾಗುತ್ತೆ!"

ನಾದಿನಿ ಹುಲ್ಲಿಗೆ ಇಳಿದಳು. ಮ್ಯಾನೇಜರ್ ಇಳಿದರು. ಅವರ ಹಿಂದೆ ತರಗತಿಯೆಲ್ಲ ಇಳಿಯಿತು. ಗೇಟು ಮುಟ್ಟುವವರೆಗೂ ಒಬ್ಬರೂ ದಾರಿಗೆ ಕಾಲಿಡಲಿಲ್ಲ.