ಬಿಸಿಲು ಯಾವ ಕಡೆ

ಅಲ್ಮಾಸಬಿ ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿ, ಗೋಣೆಪ್ಪನ ಪಾದಗಳ ಮೇಲೆ ನೆರಳು ಬೀಳುವಂತೆ ಬಾಗಿಸಿ ಹಿಡಿದಳು. ಹಿಡಿದೂ ಹಿಡಿದೂ ಅವಳ ರಟ್ಟೆ ಸೋತುಹೋಗಿತ್ತು. ನಾಲ್ಕು ಮದುವೆಗೆ ಸಾಲುವಷ್ಟು ಪೆಂಡಾಲಿನ ಬಟ್ಟೆ ಎದುರಿನ ಗೋದಾಮಿನಲ್ಲಿ ಮಡಚಿಕೊಂಡು ಬಿದ್ದಿರುವಾಗ, ಅದರ ಯಜಮಾನನ ಹೆಣಕ್ಕೆ ಪಕ್ಕದ ಮನೆಯವಳ ಕೊಡೆಯೇ ಗತಿಯಾಗಿತ್ತು.

ಗೋಣೆಪ್ಪ ಹೋದದ್ದು ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ. ಮೈ ತೊಳೆದು, ಹೊಸ ರುಮಾಲು ಸುತ್ತಿ, ಹಣೆಗೆ ವಿಭೂತಿ ಬಳಿದು ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಮನೆ ಪಶ್ಚಿಮದ ಮುಖದ್ದು. ಮಧ್ಯಾಹ್ನದವರೆಗೆ ಮನೆಯದೇ ನೆರಳಿತ್ತು, ಯಾರಿಗೂ ಏನೂ ಹೊಳೆಯಲಿಲ್ಲ. ಒಂದು ಗಂಟೆಯಾದ ಮೇಲೆ ಬಿಸಿಲು ಸೂರು ದಾಟಿ ಅವನ ಪಾದಕ್ಕೆ ಬಂತು. ಶಿರಹಟ್ಟಿಯ ಏಪ್ರಿಲ್ ಬಿಸಿಲು ಅದು, ಸತ್ತವರು ಬದುಕಿದವರು ಅಂತ ನೋಡುವುದಿಲ್ಲ.

"ತಿಪ್ಪವ್ವಾ, ನಿಮ್ಮ ಗಂಡಸ್ರೆಲ್ಲಾ ಎಲ್ಲಿ ಹ್ವಾದ್ರು? ಒಂದೀಟು ನೆರಳ ಹಾಕಾಕ ಹೇಳ ಯವ್ವಾ," ಎಂದಳು ಅಲ್ಮಾಸಬಿ.

ಗಂಡನ ಪಕ್ಕದಲ್ಲಿ ಕುಳಿತಿದ್ದ ತಿಪ್ಪವ್ವ ತಲೆ ಎತ್ತದೆ, "ಹೇಳಿದ್ರ ಹಾಕ್ತಾರ," ಎಂದಳು.

"ಯಾರ ಹೇಳಬೇಕು?"

ತಿಪ್ಪವ್ವನಿಗೆ ಅದು ಗೊತ್ತಿರಲಿಲ್ಲ. ಬೆಳಗಿನಿಂದ ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಮುಂಡರಗಿಯಿಂದ ಬಂದ ಬೀಗರು ಬೇವಿನ ಮರದ ಬುಡಕ್ಕೆ ಒತ್ತಿಕೊಂಡು ಕುಳಿತಿದ್ದರು. ಒಬ್ಬರು ಟವೆಲನ್ನು ತಲೆಯ ಮೇಲೆ ಹಾಕಿಕೊಂಡು, "ಲಕ್ಷ್ಮೇಶ್ವರ, ಶಿಗ್ಲಿ, ಎಲ್ಲಾ ಕಡಿ ಪೆಂಡಾಲ ಹಾಕಿದ ಮನಿ. ಇಲ್ಲಿ ನೋಡಿದ್ರ ಒಂದ ಬಿದಿರ ಗಳ ಇಲ್ಲ. ಏನ್ರೀ ಇದು?" ಎಂದರು.

"ಇವ್ರ ತಮ್ಮ, ಮಗನ ನಡುವ ಮಾತಿಲ್ಲಂತ್ರಿ."

"ಹೆಣದ ಮುಂದೂನ?"

ಸೊಸೆ ಶಿವಲಕ್ಷ್ಮಿಗೆ ಈ ಮಾತು ಕೇಳಿಸಿತು. ಅವಮಾನದಿಂದ ಮುಖ ಬೆಂದಂತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿ ಗೋದಾಮಿಗೆ ನಡೆದಳು.

ಗೋದಾಮಿನ ಹೊಸ್ತಿಲ ಮೇಲೆ ಗೋಣೆಪ್ಪನ ತಮ್ಮ ಮಾಳಿಂಗರಾಯ ಕುಳಿತಿದ್ದ. ಅವಳ ಗಂಡ ಕಳಕೇಶ ಟೆಂಪೋಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಇಬ್ಬರ ನಡುವೆ, ಬಂದವರ ಮಾತು ಕೇಳಲು ಗೋಣೆಪ್ಪ ಕೂರುತ್ತಿದ್ದ ಕಬ್ಬಿಣದ ಕುರ್ಚಿ ಖಾಲಿ ಇತ್ತು.

"ಸಣ್ಣ ಮಾವಾರ, ಬಿಸಲು ಮಾವಾರ ಕಾಲಿಗೆ ಬಂತು. ಪೆಂಡಾಲ ಯಾಕ ಹಾಕವಲ್ರಿ?"

"ಸತ್ತ ಮನಿಯಿಂದ ಬಂದು ಹೇಳಬೇಕಲ್ಲವಾ," ಎಂದ ಮಾಳಿಂಗರಾಯ. "ಹೇಳಲಾರದ ಗಳ ಎತ್ತಬಾರದು ಅಂತ ಅಣ್ಣನ ಮಾತೈತಿ. ಮೂವತ್ತ ವರ್ಷ ಮೀರಿಲ್ಲ. ಇವತ್ತ ಅವನ ಹೆಣದ ಮುಂದನ ಮೀರ್ಲೇನು?"

"ಸತ್ತ ಮನಿ ನಮ್ಮದ ಅಲ್ಲೇನ್ರಿ?"

"ಹೌದು. ನಾನೂ ಸತ್ತ ಮನಿಯಾವನ. ನಾ ಯಾರಿಗೆ ಹೇಳ್ಲಿ?" ಎಂದು ಅವನು ಕುರ್ಚಿಯ ಕಡೆ ಕೈ ತೋರಿಸಿದ.

ಶಿವಲಕ್ಷ್ಮಿ ಗಂಡನ ಕಡೆ ತಿರುಗಿದಳು. "ನೀವರ ಕುಂಡ್ರಿ. ಅವ್ರು ಹೇಳ್ತಾರ, ನೀವು ಕೇಳ್ರಿ. ಮುಗೀತು."

"ಅಪ್ಪನ ಹೆಣ ಇನ್ನೂ ಮನಿ ಮುಂದ ಐತಿ," ಎಂದ ಕಳಕೇಶ. "ಈಗ ನಾ ಆ ಕುರ್ಚಿ ಮ್ಯಾಲ ಕುಂತ್ರ ಮಂದಿ ಏನಂದಾರು? ಕಾಕಾ ಹಿರ್ಯಾ ಅದಾನ. ಅಂವ ಕುಂಡ್ರಲಿ."

"ನಾ ಒಮ್ಮೆ ಕುಂತಿದ್ನೆಪಾ. ಎಬ್ಬಿಸಿಕೊಂಡೀನಿ," ಎಂದು ಮಾಳಿಂಗರಾಯ ನೆಲ ನೋಡಿದ.

ಇವರು ಹಟ ಮಾಡುತ್ತಿದ್ದಾರೋ ಅಳುತ್ತಿದ್ದಾರೋ ಶಿವಲಕ್ಷ್ಮಿಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

*

ಅಣ್ಣತಮ್ಮಂದಿರ ಹತ್ತಿರ ಹನ್ನೆರಡು ಗಳ, ಎರಡು ತಾಡಪತ್ರಿ ಮಾತ್ರ ಇದ್ದ ಕಾಲ. ಪಕ್ಕದ ಊರು ಮಾಗಡಿಯ ಸಕ್ರಪ್ಪ ತೀರಿಹೋದನೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಂದದ್ದು ಗೋಣೆಪ್ಪನ ಕಿವಿಗೆ ಬಿತ್ತು. ನೆಂಟರು ಬರುವ ಮೊದಲೇ ನೆರಳು ಇರಲಿ ಎಂದು ಕೈಗಡದ ಚಕ್ಕಡಿಯಲ್ಲಿ ಗಳ ಹೇರಿಕೊಂಡು ತಮ್ಮನ ಜೊತೆ ಹೊರಟೇಬಿಟ್ಟ. ಮಾಗಡಿಯ ಆ ಮನೆಯ ಮುಂದೆ ಯಾರೂ ಅಳುತ್ತಿರಲಿಲ್ಲ. ಹೆಣ ತರಲು ಹೋಗಿರಬೇಕೆಂದುಕೊಂಡು ಮಾಳಿಂಗರಾಯ ಹಾರೆ ಹಿಡಿದು ಗಳ ನೆಡಲು ಕುಣಿ ತೋಡತೊಡಗಿದ.

ಐದನೆಯ ಕುಣಿಗೆ ಬಾಗಿಲು ತೆರೆಯಿತು. ಕೋಲೂರಿಕೊಂಡು ಸಕ್ರಪ್ಪನೇ ಹೊರಗೆ ಬಂದ.

"ಯಾರ ಮದುವೀಲೇ ತಮ್ಮಾ?"

ಮಾಳಿಂಗರಾಯನ ಹಾರೆ ಮಣ್ಣಿನಲ್ಲೇ ನಿಂತಿತು. ಗೋಣೆಪ್ಪ ತೊದಲುತ್ತ, "ಮನಿ ತಪ್ಪೇತ್ರಿ ಯಜಮಾನ್ರ," ಎಂದ. ಮುದುಕ ಕುಣಿಗಳನ್ನು ನೋಡಿದ, ಚಕ್ಕಡಿಯನ್ನು ನೋಡಿದ. ಮದುವೆಗಾದರೆ ಮಾವಿನ ತೋರಣ ಇರಬೇಕಿತ್ತಲ್ಲ. ಅವನಿಗೆ ತಿಳಿದುಹೋಯಿತು. ಇಬ್ಬರಿಗೂ ಮಜ್ಜಿಗೆ ತರಿಸಿ, ಕುಡಿಯುವತನಕ ಕಟ್ಟೆಯ ಮೇಲೆ ಜೊತೆಗೆ ಕುಳಿತ. ಮೂರನೆಯ ದಿನ ತೀರಿಕೊಂಡ.

ಆ ಮನೆಯವರು ಯಾರೂ ಇವರನ್ನು ಬೈಯಲಿಲ್ಲ. ಬೈದಿದ್ದರೆ ಗೋಣೆಪ್ಪನಿಗೆ ಹಗುರಾಗುತ್ತಿತ್ತು. "ನನ್ನ ಗಳ ನೋಡಿ ಆ ಜೀವ ಹೋತು," ಎಂದು ವರ್ಷಗಟ್ಟಲೆ ಕೊರಗಿದ. ಅಲ್ಲಿಂದಲೇ ಈ ಮನೆತನದ ಕಟ್ಟಳೆ ಹುಟ್ಟಿದ್ದು. ಸತ್ತ ಮನೆಯವರು ಕಾಲಾರೆ ನಡೆದು ಬಂದು, ಬಾಯಾರೆ ಹೇಳಬೇಕು. ಅಲ್ಲಿಯವರೆಗೆ ಒಂದು ಗಳ ಅಲುಗಬಾರದು. ಮದುವೆಯವರು ಫೋನಿನಲ್ಲಿ ಹೇಳಿದರೆ ನಡೆಯುತ್ತದೆ, ಸಾವಿಗೆ ನಡೆಯುವುದಿಲ್ಲ. ಬಂದವರ ಹತ್ತಿರ ಬಾಡಿಗೆಯ ಮಾತಿಲ್ಲ. ಹೇಗಾಯಿತು, ಏನಾಗಿತ್ತು ಎಂದು ಕೇಳುವಂತಿಲ್ಲ. ಕುರ್ಚಿಯಲ್ಲಿ ಕುಳಿತವನು ಕೇಳಬೇಕಾದದ್ದು ಒಂದೇ ಮಾತು, ಬಿಸಿಲು ಯಾವ ಕಡೆ ಬೀಳುತ್ತದೆ.

ಹನ್ನೆರಡು ಗಳ ಮುನ್ನೂರಾದವು. ಕುಣಿ ತೋಡುವುದು ತಮ್ಮ, ಹರಿದ ಬಟ್ಟೆಗೆ ತೇಪೆ ಹಾಕುವುದು ತಿಪ್ಪವ್ವ, ಟೆಂಪೋ ಹೊಡೆಯುವುದು ಮಗ, ಫೋನು ಎತ್ತುವುದು ಸೊಸೆ. ಗೋಣೆಪ್ಪನ ಕೆಲಸ ದೂರ ನಿಂತು ನೋಡುವುದು. ಎಲ್ಲ ಕಟ್ಟಿ ಮುಗಿದ ಮೇಲೆ ಮಾಳಿಂಗರಾಯ ಹಗ್ಗ ಹಿಡಿದು, "ಅಣ್ಣಾ, ಸರಿ ಐತೇನ ನೋಡು," ಎಂದು ಕೂಗುತ್ತಿದ್ದ. ಗೋಣೆಪ್ಪ ಒಂದು ಕಣ್ಣು ಮುಚ್ಚಿ, "ನಿನ್ನ ಕಡಿ ಒಂದ ಗೇಣು ಎತ್ತು," ಎನ್ನುತ್ತಿದ್ದ. ಅದೊಂದು ಮಾತಿಗೆ ಊಟ, ಸಂಭಾವನೆ ಎಲ್ಲ ಅವನಿಗೇ ಎಂದು ತಮ್ಮ ನಗೆಯಾಡುತ್ತಿದ್ದ.

*

ಎರಡು ತಿಂಗಳ ಹಿಂದೆ ಗೋಣೆಪ್ಪ ಹಾಸಿಗೆ ಹಿಡಿದಾಗ ಮಾಳಿಂಗರಾಯ ಒಂದು ದಿನ ಆ ಕುರ್ಚಿಯಲ್ಲಿ ಕುಳಿತ. ಕಾಲುನೋವಿಗೆ ಕುಳಿತನೋ, ಆಸೆಗೆ ಕುಳಿತನೋ, ಅವನನ್ನೇ ಕೇಳಿದರೂ ಹೇಳಲಾರ. ಕಳಕೇಶ ಟೆಂಪೋದಿಂದ ಇಳಿದವನೇ ಆಳುಗಳ ಎದುರಿಗೇ, "ಅದು ಇನ್ನೂ ಖಾಲಿ ಆಗಿಲ್ಲ ಕಾಕಾ," ಎಂದುಬಿಟ್ಟ.

ಮಾಳಿಂಗರಾಯ ಎದ್ದ. ಮರುದಿನ ಲಕ್ಷ್ಮೇಶ್ವರದ ಮದುವೆಯಲ್ಲಿ ಕಳಕೇಶ ದೂರ ನಿಂತು, "ನಿನ್ನ ಕಡಿ ಒಂದ ಗೇಣು ಎತ್ತು ಕಾಕಾ," ಎಂದಾಗ ಹಗ್ಗವನ್ನು ಕೈಬಿಟ್ಟ.

"ನನಗ ಎತ್ತು ಇಳಸು ಅನ್ನಾವ ಈ ಭೂಮಿ ಮ್ಯಾಲ ಒಬ್ಬನ ಅದಾನ. ಅಂವ ನೀ ಅಲ್ಲ."

ಇಬ್ಬರೂ ಗೋಣೆಪ್ಪನ ಹತ್ತಿರ ಬೇರೆ ಬೇರೆಯಾಗಿ ದೂರು ಒಯ್ದರು. ಅವನು ಇಬ್ಬರಿಗೂ, "ಹೌದಲ್ಲೇ, ಖರೇನ ಐತಿ," ಎಂದ. ಯಾರದು ಖರೆ ಎಂದು ಹೇಳಲಿಲ್ಲ. ಬೇಸಿಗೆ ಮುಗಿದ ಮೇಲೆ ಗಳಗಳನ್ನು ಎರಡು ಪಾಲು ಮಾಡುವುದೆಂಬ ಮಾತು ಮನೆಯಲ್ಲಿ ಆಗಲೇ ಹುಟ್ಟಿತ್ತು.

*

ಗೋದಾಮಿನ ಮುಂದೆ ಮೂವರೂ ಹೀಗಿರುವಾಗ ತಿಪ್ಪವ್ವ ರಸ್ತೆ ದಾಟಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಣದ ಪಕ್ಕದಿಂದ ಹೆಂಡತಿ ಎದ್ದು ಬರುವುದುಂಟೇ ಎಂದು ಬೇವಿನ ಮರದ ಕೆಳಗಿನವರು ಎದ್ದು ನಿಂತರು.

"ವೈನಿ, ನೀವ್ಯಾಕ ಬಂದ್ರಿ?" ಎಂದು ಮಾಳಿಂಗರಾಯ ಗಾಬರಿಯಾಗಿ ಎದ್ದ.

ತಿಪ್ಪವ್ವ ಮೆಟ್ಟಿಲು ಹತ್ತಲಿಲ್ಲ. ಮೂವತ್ತು ವರ್ಷ ಇದೇ ಗೋದಾಮಿನ ಒಳಗೆ ಕುಳಿತು ತೇಪೆ ಹಾಕಿದವಳು, ಬೇರೆ ಊರಿನವರ ಹಾಗೆ ಕೆಳಗೇ ನಿಂತು, ಸೆರಗಿನ ಅಂಚು ಹಿಡಿದು, ಖಾಲಿ ಕುರ್ಚಿಗೆ ಹೇಳಿದಳು.

"ಯಜಮಾನ್ರ, ನಮ್ಮ ಮನಿಯವ್ರು ಹೋದ್ರು. ನೆರಳ ಬೇಕಾಗಿತ್ತು."

ಮಾಳಿಂಗರಾಯ ಕಳಕೇಶನನ್ನು ನೋಡಿದ, ಕಳಕೇಶ ಕಾಕಾನನ್ನು ನೋಡಿದ. ಶಿವಲಕ್ಷ್ಮಿಯ ಬಾಯಿಂದ ಆ ಮಾತು ತಾನಾಗಿ ಬಂತು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಬಿಸಲು ಯಾವ ಕಡಿ ಬೀಳತೈತ್ರಿ?"

"ಅವ್ರ ಮಾರಿ ಮ್ಯಾಲ ಯವ್ವಾ," ಎಂದಳು ತಿಪ್ಪವ್ವ. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಅಲ್ಲಿ ಒಡೆಯಿತು. "ಮಾರಿ ಮ್ಯಾಲ ಬೀಳಾಕತ್ತೈತಿ. ಜಲ್ದಿ ಕಳಸ್ರಿ."

ಮಾಳಿಂಗರಾಯ ಹಾರೆ ತೆಗೆದುಕೊಂಡು ಓಡಿದ. ಕಳಕೇಶ ಒಂದೇ ಹೆಗಲಿಗೆ ನಾಲ್ಕು ಗಳ ಹೊತ್ತ. ಶಿವಲಕ್ಷ್ಮಿ ಅತ್ತೆಯನ್ನು ಒಂದು ಕೈಯಲ್ಲಿ, ಹಗ್ಗದ ಸುರುಳಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ರಸ್ತೆ ದಾಟಿದಳು. ಮುಂಡರಗಿಯ ಬೀಗರೂ ಪಂಚೆ ಎತ್ತಿಕಟ್ಟಿ ಬಟ್ಟೆಯ ಅಂಚು ಹಿಡಿದರು. ನೋಡುನೋಡುತ್ತಲೇ ಬಟ್ಟೆ ಮೇಲೇರಿತು. ನೆರಳು ಗೋಣೆಪ್ಪನ ಮುಖದ ಮೇಲೆ ಬಿತ್ತು. ಅಲ್ಮಾಸಬಿ ಕೊಡೆ ಮಡಚಿ, ತೋಳು ನೀವಿಕೊಳ್ಳುತ್ತ ಅಲ್ಲೇ ಕುಳಿತಳು.

ಕಾಕಾ ಒಂದು ಮೂಲೆಯ ಹಗ್ಗ ಹಿಡಿದಿದ್ದ, ಮಗ ಇನ್ನೊಂದು ಮೂಲೆಯದು. ಮಾಳಿಂಗರಾಯ ಬಿಗಿದು ಎಳೆದು, ಯಾವತ್ತಿನ ಹಾಗೆ ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದ.

"ಅಣ್ಣಾ, ಸರಿ ಐತೇನ ನೋಡು."

ಕೂಗಿದ ಮೇಲೆ ಅವನಿಗೆ ಅರಿವಾಯಿತು. ಜನರೆಲ್ಲ ನೆಲ ನೋಡಿದರು. ಗೋಣೆಪ್ಪ ನೇರ ಎದುರಿಗೇ, ರುಮಾಲು ಸುತ್ತಿಕೊಂಡು, ಎರಡೂ ಕಣ್ಣು ಮುಚ್ಚಿ ಕುಳಿತಿದ್ದ. ಮಾಳಿಂಗರಾಯನಿಗೆ ಹಗ್ಗ ಕಟ್ಟಲು ಆಗಲಿಲ್ಲ, ಬಿಡಲೂ ಆಗಲಿಲ್ಲ.

ಕಳಕೇಶನ ಕಣ್ಣು ತುಂಬಿ ಬಟ್ಟೆ ಎಲ್ಲಿದೆ, ಗಳ ಎಲ್ಲಿದೆ ಏನೂ ಕಾಣುತ್ತಿರಲಿಲ್ಲ. ಆದರೂ ಅಂದ,

"ನಿನ್ನ ಕಡಿ ಒಂದ ಗೇಣು ಎತ್ತು, ಕಾಕಾ."

ಪೆಂಡಾಲು ಸರಿಯಾಗಿಯೇ ಇತ್ತು. ಮಾಳಿಂಗರಾಯನಿಗೂ ಅದು ಗೊತ್ತಿತ್ತು, ಮೂವತ್ತು ವರ್ಷದ ಕೈ ಅದು. ಅವನು ಅಣ್ಣನ ಮಗನನ್ನು ಒಂದು ಗಳಿಗೆ ನೋಡಿದ. ಆಮೇಲೆ ಒಂದು ಗೇಣು ಎತ್ತಿ, ಅಲ್ಲೇ ಬಿಗಿದು ಗಂಟು ಹಾಕಿದ.

ಆ ದಿನ ಭಜನೆ ಮುಗಿದು ಹೆಣ ಎತ್ತುವತನಕ ಆ ಪೆಂಡಾಲು ಹಾಗೆಯೇ ಇತ್ತು. ಗದಗಿನ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಒಂದು ಕಡೆ ತಲೆ ವಾಲಿಸಿ ನೋಡುವಷ್ಟು ಸೊಟ್ಟಗೆ.