ಹೇಳಿಕೊಟ್ಟ ಗುರುತು

ಆ ಭಾನುವಾರ ಇಂಡಿ ಪಟ್ಟಣದ ನಿಂಬೆಹಣ್ಣಿನ ಗೋದಾಮು ಖಾಲಿಯಾಗಿತ್ತು. ಹಿಂದಿನ ದಿನವಷ್ಟೇ ಲಾರಿ ತುಂಬಿ ಕಳಿಸಿದ್ದರು. ಆರಿಸಿ ಬಿಸಾಡಿದ ಕೊಳೆತ ಹಣ್ಣು ಹಿಂಬಾಗಿಲ ಆಚೆ ಗುಡ್ಡೆ ಬಿದ್ದು, ಅದರ ಹುಳಿವಾಸನೆ ಒಳಗೆಲ್ಲ ತುಂಬಿಕೊಂಡಿತ್ತು. ಗೋದಾಮಿನ ಮಾಲೀಕ ಅನಿಲ ನಡುವೆ ಮೇಜು ಹಾಕಿಸಿ, ಹಸಿರು ಬಟ್ಟೆ ಹಾಸಿಸಿದ್ದ. ನಾಲ್ಕು ತಾಲೂಕಿನ ಪೋಕರ್ ಬಳಗದ ಈ ವರ್ಷದ ಕೊನೆಯ ಪಂದ್ಯ ಅಲ್ಲಿತ್ತು.

ಬಳಗ ಕಟ್ಟಿದವರು ಮುದ್ದೇಬಿಹಾಳದ ಕಾಸಿಂಸಾಬರು. ಹತ್ತಿ ವ್ಯಾಪಾರವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ಆಟ ಕಲಿತು, ಕಲಿತದ್ದನ್ನು ಗೆಳೆಯರಿಗೆಲ್ಲ ಅಂಟಿಸಿದ್ದರು. ದುಡ್ಡು ಇಟ್ಟು ಆಡಕೂಡದು ಎಂಬುದು ಅವರ ಮೊದಲ ಕರಾರು. ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆ ಹಂಚುವುದು, ಬಿಲ್ಲೆ ಮುಗಿದವರು ಏಳುವುದು, ಕೊನೆಗೆ ಉಳಿದವರಿಗೆ ಒಂದು ಹಿತ್ತಾಳೆಯ ಕಪ್ಪು. ಒಂದು ಸಲ ಇಂಡಿ, ಒಂದು ಸಲ ಸಿಂದಗಿ, ಹಾಗೇ ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಕೀಲರು, ಕಾಲೇಜು ಮಾಸ್ತರರು, ಅಂಗಡಿಕಾರರು ಸೇರುತ್ತಿದ್ದರು. ಅಷ್ಟು ಗಂಡಸರ ನಡುವೆ ಹೆಣ್ಣುಮಗಳು ಒಬ್ಬಳೇ, ಸಿಂದಗಿಯ ವಿಜಯಶ್ರೀ.

ವಿಜಯಶ್ರೀಗೆ ಸಿಂದಗಿಯ ಬಜಾರದಲ್ಲಿ ಸೀರೆ ಅಂಗಡಿ. ಗಂಡ ಕಲ್ಮೇಶನಿಗೆ ಅದೇ ಸಾಲಿನಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ. ಆಟ ಕಲಿಸಿದವನು ಅವನೇ. ಲಾಕ್‌ಡೌನಿನ ಬೇಸರದಲ್ಲಿ ಇಬ್ಬರೂ ಹಾಸಿಗೆಯ ಮೇಲೆ ಇಸ್ಪೀಟಿನ ಎಲೆ ಹರವಿಕೊಂಡು ಕೂತಿದ್ದರು. ಕೈಯಲ್ಲಿ ಎರಡು ಎಲೆ ಗುಟ್ಟಾಗಿ, ಮೇಜಿನ ಮೇಲೆ ಐದು ಎಲೆ ಎಲ್ಲರಿಗೂ ಕಾಣುವಂತೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎಲ್ಲ ಕೂಡಿಸಿ ಯಾರ ಎಲೆ ಮೇಲೋ ಅವರು ಗೆದ್ದಂತೆ. ಆದರೆ ಎಲೆ ತೋರಿಸುವ ಮೊದಲೇ ಬಿಲ್ಲೆ ಒಡ್ಡಿ ಎದುರಿನವರನ್ನು ಹೆದರಿಸಿ ಓಡಿಸಬಹುದು. ಅದಕ್ಕೇ ಇದು ಎಲೆಗಿಂತ ಹೆಚ್ಚು ಮುಖ ಓದುವ ಆಟ. ಮುಖ ಓದುವುದು ವಿಜಯಶ್ರೀಯ ದಿನದ ಕಸುಬು. ಯಾವ ಸೀರೆಯ ಮೇಲೆ ಮನಸ್ಸು ಬಿದ್ದಿದೆಯೋ ಅದನ್ನು ಗಿರಾಕಿಗಳು ಮೊದಲು ಮುಟ್ಟುವುದಿಲ್ಲ. ಬೇರೆ ನಾಲ್ಕು ಬಿಚ್ಚಿಸಿ ನೋಡಿ, ಕಣ್ಣು ಮಾತ್ರ ಆಗಾಗ ಅದರ ಕಡೆ ಕಳಿಸುತ್ತಾರೆ. ಒಂದೇ ತಿಂಗಳಿಗೆ ಅವಳು ಗಂಡನನ್ನು ಸೋಲಿಸತೊಡಗಿದಳು. ಅವನು ನಗುತ್ತಲೇ ಅವಳನ್ನು ಬಳಗಕ್ಕೆ ಕರೆದುಕೊಂಡು ಹೋಗಿದ್ದ.

ಬಳಗದಲ್ಲಿ ಮಾತ್ರ ಅವಳಿಗೆ ಗೆಲುವು ಒಲಿಯಲಿಲ್ಲ. ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ಕೊನೆಯ ಮೂವರವರೆಗೆ ಬಂದು ಜಾರಿಬಿದ್ದಳು. ಒಳ್ಳೆಯ ಎಲೆ ಬಂದಾಗ ಎದುರಿನವರು ಆಡದೆ ಎಲೆ ಒಗೆಯುತ್ತಿದ್ದರು; ಅವಳು ಸುಳ್ಳು ಹೆದರಿಕೆ ಹಾಕಿದಾಗ ಸರಿಯಾಗಿ ಬಂದು ಹಿಡಿಯುತ್ತಿದ್ದರು. ಅದರಲ್ಲೂ ಕಲ್ಮೇಶನ ಗೆಳೆಯ ಅನಿಲ. ಬಾಗೇವಾಡಿಯಿಂದ ವಾಪಸು ಬರುವಾಗ ಕಲ್ಮೇಶ ಕಾರು ನಿಲ್ಲಿಸಿ ಬಿಸಿ ಭಜಿ ಕೊಡಿಸಿ ಸಮಾಧಾನ ಮಾಡಿದ್ದ.

"ನಿನ್ನ ಆಟ ಚಲೋನ ಐತಿ ವಿಜು. ನಶೀಬ ಸರಿ ಇಲ್ಲ, ಅಷ್ಟ. ಶನಿವಾರಕ್ಕೊಮ್ಮಿ ಹನುಮಪ್ಪಗ ಎಣ್ಣಿ ಹಾಕ್ಕೋತ ಬಾ."

ಅವಳು ಹಾಕಿದ್ದಳು. ಅಂಗಡಿ ತೆರೆಯುವ ಮೊದಲು ಎಣ್ಣೆಯ ಬಾಟಲಿ ಹಿಡಿದು, ಗುಡಿಯ ಮುಂದೆ ಸಾಲಿನಲ್ಲಿ ನಿಂತು, ತಪ್ಪದೆ ಹಾಕಿದ್ದಳು.

ಇಂಡಿಯಲ್ಲೂ ಕೊನೆಗೆ ಉಳಿದವರು ಮೂವರು: ಅನಿಲ, ಕಲ್ಮೇಶ, ವಿಜಯಶ್ರೀ. ಎಲೆ ಹಂಚಲು ಕಾಸಿಂಸಾಬರು. ಸೋತವರೆಲ್ಲ ಸುತ್ತ ಕುರ್ಚಿ ಎಳೆದುಕೊಂಡು ತಮ್ಮ ತಮ್ಮ ಸೋಲಿನ ಕಥೆ ಹೇಳುತ್ತಿದ್ದರು. ಎಲ್ಲರ ಕಥೆಯೂ ಒಂದೇ: ತಾನು ಚೆನ್ನಾಗಿ ಆಡಿದ್ದೆ, ಕೊನೆಯ ಎಲೆ ಕೈಕೊಟ್ಟಿತು.

ಅವಳಿಗೆ ಎರಡು ಎಕ್ಕಾ ಬಂದವು. ಅದಕ್ಕಿಂತ ಮೇಲಿನ ಜೋಡಿ ಇಲ್ಲ. ಬಿಲ್ಲೆ ಒಡ್ಡಿ ತಲೆ ಎತ್ತಿದಳು. ಅನಿಲ ಅವಳ ಮುಖ ನೋಡಲಿಲ್ಲ, ಬಿಲ್ಲೆ ನೋಡಲಿಲ್ಲ. ಅವನ ಕಣ್ಣು ಅವಳ ಎಡಗೈ ಮೇಲೆ ಹೋಗಿ, ಒಂದು ಕ್ಷಣ ಕೂತು, ಎದ್ದು ಬಂತು. ಕೂಡಲೇ ಎಲೆ ಒಗೆದ.

"ಇಲ್ಲ ಬಿಡ್ರಿ ವೈನಿ, ನಿಮ್ಮ ಕಡೆ ಭಾರಿ ಐತಿ."

ವಿಜಯಶ್ರೀ ತನ್ನ ಎಡಗೈ ನೋಡಿಕೊಂಡಳು. ಬಲಗೈಯ ಬೆರಳುಗಳು ಎಡ ಮೊಣಕೈಯನ್ನು ಮೆಲ್ಲಗೆ ತುರಿಸುತ್ತಿದ್ದವು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಗೊತ್ತಿದ್ದವನು ಒಬ್ಬನೇ. ಹೆಣ್ಣು ನೋಡಲು ಬಂದ ದಿನ ಇಂಗಳೇಶ್ವರದ ತವರುಮನೆಯ ಪಡಸಾಲೆಯಲ್ಲಿ ಅವಳು ಚಹಾದ ತಟ್ಟೆ ಇಟ್ಟು ಕೂತಾಗ ಹೀಗೇ ಮೊಣಕೈ ತುರಿಸಿಕೊಂಡಿದ್ದಳಂತೆ. ಮದುವೆಯಾದ ಮೇಲೆ ಕಲ್ಮೇಶ ಅದನ್ನು ಅವಳ ಕಿವಿಯಲ್ಲಿ ಹೇಳಿ ನಕ್ಕಿದ್ದ. "ಆವಾಗ್ಲೇ ತಿಳೀತು ನನಗ, ನೀ ಒಪ್ಪೀಯಂತ. ಖುಷಿ ಆದ್ರ ನಿನ್ನ ಕೈ ಅಲ್ಲಿಗೆ ಹೊಕ್ಕೈತಿ." ಅವಳು ನಾಚಿ ಅವನ ಬಾಯಿ ಮುಚ್ಚಿದ್ದಳು. ಅಷ್ಟು ವರ್ಷದಲ್ಲಿ ಅವಳೇ ಅದನ್ನು ಮರೆತಿದ್ದಳು.

ವಿಜಯಶ್ರೀ ಗಡಿಬಿಡಿ ಮಾಡಲಿಲ್ಲ. ಒಂದು ಸಲಕ್ಕೇ ಗಿರಾಕಿಯ ಮನಸ್ಸನ್ನು ತೀರ್ಮಾನಿಸುವವಳಲ್ಲ ಅವಳು. ಮುಂದಿನ ಆಟಕ್ಕೆ ಅವಳ ಕೈಗೆ ಏಳು ಮತ್ತು ಎರಡು ಬಂದವು, ಕಸಕ್ಕಿಂತ ಕಡೆ. ಅನಿಲ ತಾನೇ ಮುಂದಾಗಿ ದೊಡ್ಡ ರಾಶಿ ಒಡ್ಡಿದ. ವಿಜಯಶ್ರೀ ಅದರ ಎರಡರಷ್ಟು ಮುಂದೆ ತಳ್ಳಿ, ಏನೂ ಅರಿಯದವಳಂತೆ ಬೆರಳನ್ನು ಮೊಣಕೈಗೆ ಒಯ್ದಳು.

ಅನಿಲನ ಕಣ್ಣು ಹೋಯಿತು, ಬಂತು. ಅವನು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೇಲ್ಮುಖವಾಗಿ ಒಗೆದ. ಎರಡು ಗುಲಾಮ.

"ನೋಡ್ರಪಾ, ಗುಲಾಮರ ಜೋಡಿ ಒಗದೇನಿ! ಮಂದೀನ ಓದೂದಂದ್ರ ಹಿಂಗ!"

ಸುತ್ತಲಿದ್ದವರು ಭಲೆ ಎಂದರು. ವಿಜಯಶ್ರೀ ತನ್ನ ಏಳು-ಎರಡನ್ನು ತೋರಿಸದೆ ಕಾಸಿಂಸಾಬರ ಕಡೆ ಸರಿಸಿದಳು. ಗಂಡನ ಕಡೆ ನೋಡಿದಳು. ಕಲ್ಮೇಶ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾ ಗೆಳೆಯನನ್ನು ನೋಡಿ ಸಣ್ಣಗೆ ನಗುತ್ತಿದ್ದ. ಆ ನಗೆಯನ್ನು ನೋಡಿದ ಮೇಲೆ ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಅನಿಲನನ್ನು ಎಬ್ಬಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳಿಗೆ ರಾಣಿಯ ಜೋಡಿ ಬಂತು, ಮೇಜಿನ ಮೇಲೆ ಮೂರನೆಯ ರಾಣಿ ಬಿತ್ತು. ಅವಳು ಎರಡೂ ಅಂಗೈ ಬಟ್ಟೆಯ ಮೇಲೆ ಊರಿ, ಎಲ್ಲ ಬಿಲ್ಲೆಯನ್ನೂ ಮುಂದೆ ಸರಿಸಿ, ಕಲ್ಲಿನಂತೆ ಕೂತಳು. ಮೊಣಕೈ ಅಲ್ಲಾಡಲಿಲ್ಲ. ಸುಳ್ಳೆಂದು ತಿಳಿದ ಅನಿಲ ಹುಮ್ಮಸ್ಸಿನಿಂದ ತನ್ನದೆಲ್ಲವನ್ನೂ ಹಾಕಿದ. ರಾಣಿಯರನ್ನು ಕಂಡಾಗ ಅವನ ಬಾಯಿ ತೆರೆದೇ ಉಳಿಯಿತು. ಅವನು ನೋಡಿದ್ದು ವಿಜಯಶ್ರೀಯನ್ನಲ್ಲ, ಕಲ್ಮೇಶನನ್ನು. ದಾರಿ ತಪ್ಪಿಸಿದ ದಲ್ಲಾಳಿಯನ್ನು ನೋಡುವಂತೆ ನೋಡಿದ.

ಕೊನೆಯ ಇಬ್ಬರ ಆಟಕ್ಕೆ ಮೊದಲು ಕಾಸಿಂಸಾಬರು ಚಹಾ ಹೇಳಿದರು. ವಿಜಯಶ್ರೀ ಚಹಾ ಮುಟ್ಟದೆ ಹಿಂಬಾಗಿಲಿನಿಂದ ಹೊರಗೆ ಬಂದಳು. ಕಲ್ಮೇಶ ಹಿಂದೆಯೇ ಬಂದ. ಕಾಲ ಬುಡದಲ್ಲಿ ಕೊಳೆತ ನಿಂಬೆಹಣ್ಣು, ಬಿಳಿ ಬೂಸ್ಟು ಹಿಡಿದು ರಸ ಸೋರುತ್ತಿತ್ತು.

"ಮೊಣಕೈ ಮಾತು ಅನಿಲಗ ನೀವ ಹೇಳೀರೇನ್ರಿ?"

ಅವನು ಮೊದಲು ಯಾವ ಮೊಣಕೈ ಎಂದ. ಆಮೇಲೆ ನಕ್ಕ. "ಚಾಷ್ಟಿಗೆ ಹೇಳಿದ್ನಿ ಮಾರಾಯ್ತಿ. ಆಟದಾಗ ಇವೆಲ್ಲಾ ಇರೂವಾ."

"ಯಾವಾಗ?"

"ಮುದ್ದೇಬಿಹಾಳಕ್ಕ ಹೋಗೂ ಮುಂದ... ನೆಪ್ಪಿಲ್ಲ ಬಿಡು."

"ಅಂದ್ರ ಬಾಗೇವಾಡಿಗಿಂತ ಮೊದಲ. ಭಜಿ ಕೊಡಿಸಿ ನಶೀಬ ಸರಿ ಇಲ್ಲ ಅಂದ್ರಿ. ಹನುಮಪ್ಪಗ ಎಣ್ಣಿ ಹಾಕಂದ್ರಿ. ನಾ ಹೋಗಿ ಹಾಕೀನಿ."

ಕಲ್ಮೇಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಣ್ಣಗ ಮಾತಾಡು. ನಿನಗೇನ, ಗೆದ್ದು ಅಂಗಡ್ಯಾಗ ಕುಂಡ್ರತೀ. ಹೆಂಡ್ತಿ ಕೈಲೆ ಸೋತವ ಅಂತ ಬಜಾರದಾಗ ನನ್ನ ಹಿಂದ ಮಂದಿ ನಗೋದು ನಿನಗೇನ ಗೊತ್ತೈತಿ? ಅನಿಲ ಗೆದ್ರ ಗೆಳ್ಯಾ ಗೆದ್ದ ಅಂತ ಆಗ್ತಿತ್ತು."

ಅವಳಿಗೆ ವಾಕರಿಕೆ ಬಂತು. ಹಣ್ಣಿನ ವಾಸನೆಗೋ ಅವನ ಮಾತಿಗೋ ತಿಳಿಯಲಿಲ್ಲ. ಅವನು ಸುಳ್ಳು ಹೇಳಿದ್ದನ್ನಾದರೂ ನುಂಗಬಹುದಿತ್ತು. ಗೆಳೆಯನ ಮುಂದೆ ಕೂತು, ಇಂಗಳೇಶ್ವರದ ಪಡಸಾಲೆಯ ಆ ಹುಡುಗಿಯನ್ನು ತೆರೆದಿಟ್ಟು, ನನ್ನ ಹೆಂಡತಿಗೆ ಖುಷಿಯಾದರೆ ಹೀಗೆ ಮಾಡುತ್ತಾಳೆ ಎಂದು ಕೈ ತೋರಿಸಿ ನಕ್ಕಿರಬೇಕಲ್ಲ! ಆ ಚಿತ್ರ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮತ್ತೆ ಆ ಭಜಿ. ಎಣ್ಣೆ ಸುರಿಯುವ ಭಜಿಯನ್ನು ಊದಿ ಊದಿ ಅವಳ ಕೈಗೆ ಕೊಟ್ಟಿದ್ದ.

"ನಡೀರಿ, ಆಟ ಮುಗಸೂಣು," ಎಂದಳು.

ಇಬ್ಬರೂ ಎದುರುಬದುರು ಕೂತರು. ಕಲ್ಮೇಶನ ಮುಂದೆ ಬಿಲ್ಲೆಯ ರಾಶಿ ಅವಳದಕ್ಕಿಂತ ತುಸು ದೊಡ್ಡದಿತ್ತು. ಮೂರ್ನಾಲ್ಕು ಆಟ ಸಪ್ಪಗೆ ಹೋದವು. ಆಮೇಲೆ ಅವಳ ಕೈಗೆ ಎರಡು ರಾಜ ಬಂದವು. ಕಾಸಿಂಸಾಬರು ಮೇಜಿನ ಮೇಲೆ ಮೂರು ಎಲೆ ಬಿಡಿಸಿದರು: ರಾಜ, ಏಳು, ಎರಡು. ಅವಳಿಗೆ ಮೂರು ರಾಜ ಆದವು.

ಅವಳು ಎಲ್ಲ ಬಿಲ್ಲೆ ಮುಂದೆ ತಳ್ಳಿದಳು. ತಳ್ಳಿ, ಗಂಡನ ಕಣ್ಣಿಗೆ ಬೀಳುವಂತೆ ಎಡ ಮೊಣಕೈ ತುರಿಸಿದಳು.

ಕಲ್ಮೇಶ ಅದನ್ನು ದಿಟ್ಟಿಸಿದ. ಅವನು ಏನು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಗುಟ್ಟು ಇವಳಿಗೆ ತಿಳಿದುಹೋಗಿದೆ, ಬೇಕೆಂದೇ ತುರಿಸುತ್ತಿದ್ದಾಳೆ, ಅಂದರೆ ಕೈಯಲ್ಲಿ ಏನೂ ಇಲ್ಲ. ಅವಳು ನಿಜವನ್ನೇ ಹೇಳುತ್ತಿದ್ದಳು. ಅದನ್ನು ನಂಬುವ ದಾರಿಯನ್ನು ಅವನೇ ಕೆಡಿಸಿಕೊಂಡಿದ್ದ.

"ನಾಟಕ ಮಾಡಾಕತ್ತಾಳ," ಎಂದು ಸುತ್ತಲಿನವರಿಗೆ ಹೇಳಿ ತನ್ನ ಬಿಲ್ಲೆ ಹಾಕಿದ. ಎಲೆ ತಿರುವಿದ. ಎರಡು ಒಂಬತ್ತು.

ಅವಳು ರಾಜರನ್ನು ತಿರುವಿದಳು. ಉಳಿದ ಎರಡು ಎಲೆಗಳೂ ಒಂಬತ್ತೇ ಬಿದ್ದರೆ ಮಾತ್ರ ಕಲ್ಮೇಶನಿಗೆ ಉಳಿವು. ಇಡೀ ಕಟ್ಟಿನಲ್ಲಿ ಉಳಿದಿದ್ದ ಒಂಬತ್ತೇ ಎರಡು. "ಮುಗೀತಪಾ," ಎಂದು ಅನಿಲ ಎದ್ದು ನಿಂತ. ಕಲ್ಮೇಶನ ಮುಖ ಬಿಳುಚಿಕೊಂಡಿತು.

ಕಾಸಿಂಸಾಬರು ನಾಲ್ಕನೆಯ ಎಲೆ ಬಿಡಿಸಿದರು. ಒಂಬತ್ತು.

ಯಾರೋ ಉಸಿರೆಳೆದರು. ಕಾಸಿಂಸಾಬರು ಐದನೆಯದನ್ನು ಬಿಡಿಸಿ, ಅದನ್ನು ತಾವೇ ನಂಬದವರಂತೆ ಒಂದು ಗಳಿಗೆ ಬೆರಳ ಕೆಳಗೆ ಹಿಡಿದು, ಕೈ ತೆಗೆದರು. ಕೊನೆಯ ಒಂಬತ್ತು.

ಗೋದಾಮಿನ ತಗಡು ಹಾರಿಹೋಗುವಂತೆ ಕೂಗೆದ್ದಿತು. ಅನಿಲ ಕಲ್ಮೇಶನನ್ನು ಎತ್ತಿ ಕುಣಿದ. ಕಲ್ಮೇಶ ಕೆಳಗಿಳಿಯುವ ಮೊದಲೇ ಹೇಳತೊಡಗಿದ್ದ: "ನನಗ ಗೊತ್ತಿತ್ತೋ! ಅಕಿ ಮಾರಿ ನೋಡೇ ಹಾಕೀನಿ ನಾ!"

ವಿಜಯಶ್ರೀ ಮೇಜಿನ ಮೇಲಿನ ನಾಲ್ಕು ಒಂಬತ್ತುಗಳನ್ನು ನೋಡುತ್ತಾ ಕೂತಿದ್ದಳು. ವಿಚಿತ್ರವೆಂದರೆ ಅವುಗಳ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲ. ಅವಕ್ಕೆ ಅವಳು ಯಾರೆಂದು ಗೊತ್ತಿರಲಿಲ್ಲ. ಯಾರ ಮಾತು ಕೇಳಿಯೂ ಅವು ಬಿದ್ದಿರಲಿಲ್ಲ. ಇಡೀ ವರ್ಷದಲ್ಲಿ ಅವಳು ನ್ಯಾಯವಾಗಿ ಸೋತದ್ದು ಇದೊಂದೇ ಆಟ.

ಕಾಸಿಂಸಾಬರು ಎಲೆ ಕೂಡಿಸುತ್ತಾ, "ಭಾಳ ಕೆಟ್ಟ ಎಲಿ ಬಿತ್ತು, ಯವ್ವಾ," ಎಂದರು.

"ಎಲಿ ಸರಳನ ಬಿತ್ರಿ ಕಾಕಾ. ಕೆಟ್ಟದ್ದು ಬ್ಯಾರೇನ ಐತಿ." ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು, ಯಾರು ಯಾರಿಗೆ ಏನು ಹೇಳಿಕೊಟ್ಟಿದ್ದರು, ಯಾವ ಊರಿನ ಆಟದಿಂದ.

ಅವರು ನಕ್ಕರು. ವಕೀಲರೊಬ್ಬರು, "ಗಂಡ ಹೆಂಡ್ತಿ ಜಗಳ ಬ್ಯಾಡ್ರಿ ಇಲ್ಲೆ," ಎಂದರು. ಅನಿಲ ತಲೆ ಕೆರೆದುಕೊಳ್ಳುತ್ತಾ, "ವೈನಿ, ಆಟದಾಗ ಇಷ್ಟು ಮನಸಿಗೆ ಹಚ್ಕೋಬಾರದ್ರಿ," ಎಂದ. ಕಾಸಿಂಸಾಬರೊಬ್ಬರೇ ನಗಲಿಲ್ಲ. ಕಪ್ಪನ್ನು ಮೇಜಿನ ಮೇಲೆ ಇಟ್ಟರು, ಯಾರ ಕೈಗೂ ಕೊಡಲಿಲ್ಲ. ಕಲ್ಮೇಶ ತಾನೇ ಎತ್ತಿಕೊಂಡ.

ಫೋಟೋಕ್ಕೆ ಕರೆದಾಗ ವಿಜಯಶ್ರೀ ಅಲ್ಲಿರಲಿಲ್ಲ. ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸು ಹತ್ತಿ, ಒಬ್ಬ ಮುದುಕಿಯ ಜೋಳದ ಚೀಲದ ಪಕ್ಕ ಕೂತಿದ್ದಳು. ಫೋನು ಮತ್ತೆ ಮತ್ತೆ ಗುರುಗುಟ್ಟಿತು. ತೆಗೆಯಲಿಲ್ಲ. ಸೀಟಿನ ಕಂಬಿ ಹಿಡಿದ ತನ್ನ ಕೈಯನ್ನು ನೋಡಿದಾಗ, ಅದನ್ನು ಯಾರೋ ಬಳಸಿ ವಾಪಸು ಇಟ್ಟಂತೆ ಅನ್ನಿಸಿತು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಎರಡೂ ಕೈಗೆ ಸೋಪು ಹಚ್ಚಿ ತಿಕ್ಕಿ ತೊಳೆದಳು. ನಿಂಬೆಯ ವಾಸನೆ ಹೋಯಿತು, ಅಸಹ್ಯ ಹೋಗಲಿಲ್ಲ.

ಸಂಜೆ ಕಲ್ಮೇಶ ಕಪ್ಪು ಹಿಡಿದು ಬಂದು, ತಾಯಿ ರುಕ್ಮವ್ವನ ಮುಂದೆ ಕೂತು ಆಟದ ಕಥೆ ಶುರು ಮಾಡಿದ. ಹೆಂಡತಿಯ ಮನಸ್ಸನ್ನು ತಾನು ಹೇಗೆ ಓದಿದೆ, ಹೇಗೆ ಧೈರ್ಯ ಮಾಡಿದೆ. ರುಕ್ಮವ್ವ ಸೊಸೆಯ ಕಡೆ ತಿರುಗಿದಳು.

"ಖರೇ ಏನವಾ?"

"ಇಲ್ಲರಿ ಅತ್ತಿ. ಎಲಿ ಬಿದ್ದೂವು, ಗೆದ್ರು. ಅದಕ್ಕಿಂತ ಮೊದಲಿಂದೇನಂತ ಅವರನ್ನ ಕೇಳ್ರಿ."

ರುಕ್ಮವ್ವ ಕೇಳಿದಳು. ಕಲ್ಮೇಶ ಕಪ್ಪಿನ ಹಿಡಿಕೆಯನ್ನು ಒರೆಸತೊಡಗಿದ. ಆಮೇಲೆ ಊಟಕ್ಕೆ ಕೂತಾಗ ಹೆಂಡತಿಯ ಮುಖವನ್ನೇ ಹುಡುಕುತ್ತಾ, "ಸಿಟ್ಟು ಇಳೀತೇನ? ಇಳಿದಾಂಗ ಕಾಣತೈತಿ," ಎಂದ.

ವಿಜಯಶ್ರೀ ಅವನ ತಾಟಿಗೆ ರೊಟ್ಟಿ ಹಾಕಿ, ಪಲ್ಯದ ಪಾತ್ರೆಯನ್ನು ಅವನ ಕೈಗೆಟಕುವಲ್ಲಿ ಸರಿಸಿ, ತನ್ನ ತಾಟು ಎತ್ತಿಕೊಂಡು ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.